ಸಾಲ್ಮನ್‌ಗಾಗಿ ಯಾರ ಬಾಗಿಲು ತಟ್ಟಬೇಕು?

ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ ಪೆಸಿಫಿಕ್ ಸಾಗರದ ನೀರು ನೆಲದೊಳಗೆ ಬಹುದೂರ ಹೊಕ್ಕು ನಿಂತಿರುವ ಜಾಗಕ್ಕೆ ಪ್ಯೂಜೆಟ್ ಸೌಂಡ್ ಎಂದು ಹೆಸರು. ಸಿಯಾಟಲ್, ಟಕೋಮಾ, ಎವರೆಟ್, ರಾಜಧಾನಿ ಒಲಿಂಪಿಯಾ ಎಲ್ಲವೂ ಇದರ ದಡದಲ್ಲೇ ಬೆಳೆದ ಊರುಗಳು. ಸಾಫ್ಟ್‌ವೇರ್ ಕೆಲಸಕ್ಕೆಂದು ಹೋಗಿ ಬೆಲ್‌ವ್ಯೂ, ರೆಡ್ಮಂಡ್, ಬಾಥೆಲ್ ಕಡೆ ಮನೆ ಮಾಡಿದ ಕನ್ನಡಿಗರೂ ಸಾಕಷ್ಟು ಮಂದಿ ಇದ್ದಾರೆ. ಸುತ್ತಲಿನ ಬೆಟ್ಟಗಳಿಂದ ಇಳಿದು ಬರುವ ನದಿಗಳಲ್ಲಿ ಸಾಲ್ಮನ್ ಮೀನು ಹುಟ್ಟುತ್ತದೆ, ಕಡಲಿಗಿಳಿದು ಬೆಳೆಯುತ್ತದೆ, ಮೊಟ್ಟೆಯಿಡುವ ಕಾಲಕ್ಕೆ ಹುಟ್ಟಿದ ತೊರೆಯನ್ನೇ ಹುಡುಕಿಕೊಂಡು ಬಂದು ಅಲ್ಲೇ ಸಾಯುತ್ತದೆ. ಐದು ಜಾತಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಶಿನೂಕ್. ಪ್ಯೂಜೆಟ್ ಸೌಂಡ್‌ನ ಶಿನೂಕ್ 1999ರಲ್ಲಿ ಅಮೆರಿಕದ ಅಪಾಯದಲ್ಲಿರುವ ಜೀವಿಗಳ ಕಾಯ್ದೆಯ ಪಟ್ಟಿಗೆ ಸೇರಿತು. ಇಂದಿಗೂ ಅದರಿಂದ ಹೊರಬಂದಿಲ್ಲ. ಈ ಮೀನನ್ನೇ ನೆಚ್ಚಿ ಬದುಕುವ ಇಲ್ಲಿನ ಓರ್ಕಾ ತಿಮಿಂಗಿಲಗಳು 2005ರಲ್ಲಿ ಅದೇ ಕಾಯ್ದೆಯ ಇನ್ನೂ ಗಂಭೀರವಾದ ಪಟ್ಟಿಗೆ ಹೋದವು. ಈಗ ಉಳಿದಿರುವುದು ಎಪ್ಪತ್ತೈದರ ಆಸುಪಾಸು.

ಸಾಲ್ಮನ್ ಬೇಡ ಎನ್ನುವ ರಾಜಕಾರಣಿ ಆ ರಾಜ್ಯದಲ್ಲಿ ಸಿಗುವುದು ಕಷ್ಟ. ಎಲ್ಲ ಪಕ್ಷದವರೂ ಅದರ ಬಗ್ಗೆ ಅಭಿಮಾನದಿಂದ ಮಾತನಾಡುತ್ತಾರೆ. ಹಾಗಿದ್ದೂ ಮೀನು ಚೇತರಿಸಿಕೊಂಡಿಲ್ಲ. ಯಾಕೆಂದು ತಿಳಿಯಬೇಕಾದರೆ ಮೀನಿನ ಜೊತೆಗೆ ಕಡತಗಳ ಹಾದಿಯನ್ನೂ ನೋಡಬೇಕು.

ಒಂದು ಶಿನೂಕ್ ಮರಿಯ ದಾರಿ ಹಿಡಿದು ಹೋಗೋಣ. ತಾಯಿಮೀನು ಬಾಲದಿಂದ ಜಲ್ಲಿ ಸರಿಸಿ, ಗುಂಡಿ ತೋಡಿ ಮೊಟ್ಟೆಯಿಡುವ ತೊರೆಯ ಮೇಲ್ಭಾಗದಲ್ಲಿರುವುದು ಕಾಡು. ಅಲ್ಲಿ ಮರ ಕಡಿಯುವವರಿಗೆ ರಾಜ್ಯದ ಅರಣ್ಯ ನಿಯಮಗಳು ಅನ್ವಯಿಸುತ್ತವೆ. ಕೆಳಗಿಳಿದರೆ ಹೊಲ, ತೋಟ, ಹೈನಿನ ಹುಲ್ಲುಗಾವಲು. ಅಲ್ಲಿ ನದಿಯ ದಂಡೆಯ ಮರ ಉಳಿಯುತ್ತದೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ಜಮೀನಿನ ಮಾಲೀಕರ, ನಮ್ಮ ಜಿಲ್ಲೆಯಂಥ ಕೌಂಟಿಯ ಆಡಳಿತದ ಕೈಯಲ್ಲಿದೆ. ನೆರಳಿಲ್ಲದ ನೀರು ಬೇಸಿಗೆಯಲ್ಲಿ ಬಿಸಿಯೇರಿದರೆ ಸಾಲ್ಮನ್ ತಡೆಯದು. ತೊರೆ ರಸ್ತೆಯಡಿ ಹಾಯುವಲ್ಲಿ ಮೋರಿ ಬರುತ್ತದೆ. ಅದು ಹೆದ್ದಾರಿಯದಾದರೆ ರಾಜ್ಯ ಸಾರಿಗೆ ಇಲಾಖೆಯದು, ಊರ ರಸ್ತೆಯದಾದರೆ ನಗರದ್ದೋ ಕೌಂಟಿಯದೋ, ಹಳಿಯ ಕೆಳಗಿನದಾದರೆ ರೈಲು ಕಂಪನಿಯದು. ಆಮೇಲೆ ಅಳಿವೆ. ಉಪ್ಪುನೀರಿಗೆ ಒಗ್ಗಿಕೊಳ್ಳಲು ಮರಿಗಳು ವಾರಗಟ್ಟಲೆ ತಂಗುವ ಈ ಜೌಗು ನೆಲಕ್ಕೆ ಹಿಂದಿನವರು ಒಡ್ಡು ಕಟ್ಟಿ ಹೊಲ ಮಾಡಿಕೊಂಡಿದ್ದಾರೆ. ಕಡಲಂಚಿಗೆ ಬಂದರೆ ಮನೆಗಳ ಮುಂದೆ ಕಾಂಕ್ರೀಟಿನ, ಬಂಡೆಯ ತಡೆಗೋಡೆಗಳು ಎದುರಾಗುತ್ತವೆ. ಪ್ಯೂಜೆಟ್ ಸೌಂಡ್‌ನ ಸುಮಾರು 4,000 ಕಿಲೋಮೀಟರ್ ದಡದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಹೀಗೆ ಗೋಡೆ ಕಂಡಿದೆ. ಗೋಡೆ ಬಂದ ಕಡೆ ಗುಡ್ಡದ ಮಣ್ಣು ಕುಸಿದು ಮರಳಾಗಿ ಹರಡುವುದು ನಿಲ್ಲುತ್ತದೆ. ಆ ಮರಳಿನಲ್ಲಿ ಮೊಟ್ಟೆಯಿಡುವ ಸಣ್ಣ ಮೀನುಗಳು ಕಡಿಮೆಯಾಗುತ್ತವೆ, ಅವನ್ನು ತಿಂದು ಬೆಳೆಯುವ ಸಾಲ್ಮನ್‌ಗೆ ಹೊಟ್ಟೆಗಿಲ್ಲದಂತಾಗುತ್ತದೆ. ಕಡಲಲ್ಲಿ ಎಷ್ಟು ಮೀನು ಹಿಡಿಯಬಹುದು ಎನ್ನುವುದನ್ನು ರಾಜ್ಯವೂ ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳೂ ಕೂತು ತೀರ್ಮಾನಿಸುತ್ತವೆ, ಕೆನಡಾದ ಜೊತೆಗಿನ 1985ರ ಒಪ್ಪಂದವೂ ಅದಕ್ಕೆ ಮಿತಿ ಹಾಕುತ್ತದೆ.

ಮೂರ್ನಾಲ್ಕು ವರ್ಷ ಬದುಕುವ ಒಂದು ಮೀನು ಇಷ್ಟು ಇಲಾಖೆಗಳನ್ನು ದಾಟಬೇಕು. ಒಂದು ಕಡೆ ಸರಿಮಾಡಿ ಇನ್ನೊಂದು ಕಡೆ ಬಿಟ್ಟರೆ ಮಾಡಿದ್ದೂ ದಂಡ. ಆದ್ದರಿಂದ ಸಾಲ್ಮನ್ ಪರವಾಗಿ ಶಾಸಕರ ಬಳಿ ಹೋಗುವವರು ‘ಮೀನು ಉಳಿಸಿ’ ಎಂದಷ್ಟೇ ಕೇಳಿದರೆ ಆ ಶಾಸಕರಿಗೆ ಮಾಡಲು ಏನೂ ಉಳಿಯುವುದಿಲ್ಲ. ಖಂಡಿತ ಉಳಿಸೋಣ ಎಂದು ಕೈಕುಲುಕಿ ಕಳಿಸುತ್ತಾರೆ. ಯಾವ ಮಸೂದೆ, ಯಾವ ಬಜೆಟ್ಟಿನ ಯಾವ ಸಾಲು, ಎಷ್ಟು ಮೊತ್ತ, ಯಾವ ಸಮಿತಿ ಎಂಬುದನ್ನು ತಿಳಿದು, ಅದು ತೀರ್ಮಾನವಾಗುವ ವಾರದಲ್ಲೇ ಕೇಳಬೇಕು. ಈ ಕೆಲಸವನ್ನು ಅತಿ ಚೆನ್ನಾಗಿ ಮಾಡಿದವರು ಆ ನದಿಗಳ ಬುಡಕಟ್ಟು ಜನ. ಅವರ ಕತೆ ತಿಳಿಯದೆ ಇದರಲ್ಲಿ ಉಳಿದ ಯಾವುದೂ ಅರ್ಥವಾಗದು.

ಒಪ್ಪಂದದ ಬಲ

1854 ಮತ್ತು 1855ರಲ್ಲಿ ಆಗಿನ ವಾಷಿಂಗ್ಟನ್ ಪ್ರಾಂತ್ಯದ ಗವರ್ನರ್ ಐಸಾಕ್ ಸ್ಟೀವನ್ಸ್ ಪ್ಯೂಜೆಟ್ ಸೌಂಡ್ ಸುತ್ತಲಿನ ಬುಡಕಟ್ಟುಗಳೊಂದಿಗೆ ಸಾಲುಸಾಲಾಗಿ ಒಪ್ಪಂದ ಮಾಡಿಕೊಂಡರು. ಬುಡಕಟ್ಟುಗಳು ಲಕ್ಷಾಂತರ ಎಕರೆ ನೆಲ ಬಿಟ್ಟುಕೊಟ್ಟವು. ಅದಕ್ಕೆ ಪ್ರತಿಯಾಗಿ ಉಳಿಸಿಕೊಂಡದ್ದರಲ್ಲಿ ಮುಖ್ಯವಾದದ್ದು ತಲೆತಲಾಂತರದಿಂದ ಮೀನು ಹಿಡಿಯುತ್ತಿದ್ದ ಜಾಗಗಳಲ್ಲಿ ಇತರ ನಾಗರಿಕರ ಜೊತೆಗೆ ಹಿಡಿಯುವ ಹಕ್ಕು. ನೂರು ವರ್ಷ ಕಳೆಯುವಷ್ಟರಲ್ಲಿ ಆ ಹಕ್ಕು ಕಾಗದದ ಮೇಲೆ ಉಳಿದಿತ್ತು, ನದಿಯಲ್ಲಿ ಇರಲಿಲ್ಲ. ನಿಸ್ಕ್ವಾಲಿ ನದಿಯ ಬಿಲ್ಲಿ ಫ್ರಾಂಕ್ ಜೂನಿಯರ್ 1945ರಲ್ಲಿ, ಹದಿನಾಲ್ಕರ ಹುಡುಗನಾಗಿದ್ದಾಗ, ಮೀನು ಹಿಡಿದದ್ದಕ್ಕೆ ಮೊದಲ ಬಾರಿ ಬಂಧನಕ್ಕೊಳಗಾದರು. ಮುಂದೆ ಅವರು ಐವತ್ತಕ್ಕೂ ಹೆಚ್ಚು ಸಲ ಬಂಧಿತರಾದರು. 1960ರ ದಶಕದಲ್ಲಿ ಅವರೂ ಅವರ ಜನರೂ ಬೇಕೆಂದೇ ಬಲೆ ಬೀಸಿ, ಪೊಲೀಸರ ಲಾಠಿಯೇಟು ತಿಂದು, ದೋಣಿ–ಬಲೆಗಳನ್ನು ಕಳೆದುಕೊಂಡು ಹೋರಾಡಿದರು.

1974ರ ಫೆಬ್ರವರಿ 12ರಂದು ಫೆಡರಲ್ ನ್ಯಾಯಾಧೀಶ ಜಾರ್ಜ್ ಬೋಲ್ಟ್ ತೀರ್ಪು ಕೊಟ್ಟರು. ಒಪ್ಪಂದದ ಪ್ರಕಾರ ಹಿಡಿಯಬಹುದಾದ ಮೀನಿನಲ್ಲಿ ಅರ್ಧಪಾಲು ಬುಡಕಟ್ಟುಗಳದು, ಮೀನಿನ ನಿರ್ವಹಣೆಯಲ್ಲೂ ಅವರು ರಾಜ್ಯಕ್ಕೆ ಸಮಾನ ಪಾಲುದಾರರು ಎನ್ನುವುದು ಅದರ ಸಾರ. ರಾಜ್ಯದಲ್ಲಿ ಕೋಲಾಹಲವೇ ಆಯಿತು. 1979ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಹುಪಾಲು ಎತ್ತಿಹಿಡಿಯಿತು. ಇಪ್ಪತ್ತು ಬುಡಕಟ್ಟುಗಳು ಸೇರಿರುವ ವಾಯವ್ಯ ಇಂಡಿಯನ್ (ಅಂದರೆ ಅಮೆರಿಕದ ಮೂಲನಿವಾಸಿ) ಮೀನುಗಾರಿಕೆ ಆಯೋಗವನ್ನು ಬಿಲ್ಲಿ ಫ್ರಾಂಕ್ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮುನ್ನಡೆಸಿದರು. ಒಂದು ಕಾಲಕ್ಕೆ ತಮ್ಮನ್ನು ಜೈಲಿಗೆ ಹಾಕಿದ ರಾಜ್ಯದ ಅಧಿಕಾರಿಗಳ ಜೊತೆಗೇ ಮೇಜಿನ ಸುತ್ತ ಕೂತು ಕೆಲಸ ಮಾಡಿದರು. ಶಾಸಕರನ್ನು, ಸೆನೆಟರುಗಳನ್ನು ನದಿಯ ದಡಕ್ಕೆ ಕರೆದುಕೊಂಡು ಬಂದು ತೋರಿಸಿದರು. 2014ರಲ್ಲಿ ತೀರಿಕೊಂಡರು. 2021ರಲ್ಲಿ ಅದೇ ರಾಜ್ಯದ ಶಾಸನಸಭೆ, ಅಮೆರಿಕದ ಸಂಸತ್ ಭವನದಲ್ಲಿ ತನ್ನ ರಾಜ್ಯವನ್ನು ಪ್ರತಿನಿಧಿಸುವ ಎರಡು ಪ್ರತಿಮೆಗಳಲ್ಲಿ ಒಂದು ಅವರದ್ದಾಗಬೇಕು ಎಂದು ತೀರ್ಮಾನಿಸಿತು.

ಅರ್ಧಪಾಲು ಸಿಕ್ಕಿತು, ಆದರೆ ಪಾಲು ಹಾಕಲು ಮೀನೇ ಕಡಿಮೆಯಾದರೆ? 2001ರಲ್ಲಿ ಬುಡಕಟ್ಟುಗಳು ಮತ್ತೆ ಕೋರ್ಟಿಗೆ ಹೋದದ್ದು ಮೋರಿಗಳ ವಿಷಯಕ್ಕೆ.

ಒಂದು ಮೋರಿಯ ಲೆಕ್ಕ

ಹಳೆಯ ಹೆದ್ದಾರಿಯ ಕೆಳಗಿನ ಮೋರಿ ಎಂದರೆ ಸಾಮಾನ್ಯವಾಗಿ ಒಂದು ಉದ್ದ ಕೊಳವೆ, ತೊರೆಗಿಂತ ಇಕ್ಕಟ್ಟು. ನೀರು ಸಾಗಿಸಿದರೆ ಸಾಕು ಎಂದು ಹಾಕಿದ್ದು. ಮಳೆಗಾಲದ ನೀರು ಇಕ್ಕಟ್ಟಿನಲ್ಲಿ ರಭಸವಾಗಿ ಹೊರಚಿಮ್ಮಿ ಕೆಳಗಿನ ಜಲ್ಲಿಯನ್ನು ಕೊರೆಯುತ್ತದೆ. ವರ್ಷಗಳು ಕಳೆದಂತೆ ತೊರೆಯ ತಳ ಕೆಳಗಿಳಿಯುತ್ತದೆ, ಕೊಳವೆಯ ಬಾಯಿ ಗಾಳಿಯಲ್ಲಿ ನೇತಾಡುತ್ತದೆ. ಕಡಲಿಂದ ಬಂದ ದೊಡ್ಡ ಮೀನು ಅದನ್ನು ಹೇಗೋ ಎಗರಿ ಒಳಹೊಕ್ಕರೂ ಒಳಗೆ ತಂಗಲು ಒಂದು ಕಲ್ಲಿಲ್ಲ, ಸುಳಿಯಿಲ್ಲ. ಎದುರು ಈಜಿ ಈಜಿ ಸುಸ್ತಾಗಿ ಹಿಂದೆ ಬೀಳುತ್ತದೆ. ಬೆರಳುದ್ದದ ಮರಿಗಂತೂ ಆ ನೆಗೆತ ಸಾಧ್ಯವೇ ಇಲ್ಲ. ಚಳಿಗಾಲದ ಪ್ರವಾಹಕ್ಕೆ ತಪ್ಪಿಸಿಕೊಳ್ಳಲು ಮರಿಗಳೂ ತೊರೆಯಲ್ಲಿ ಮೇಲಕ್ಕೆ ಈಜಬೇಕಾಗುತ್ತದೆ ಎನ್ನುವುದು ಮೋರಿ ಹಾಕಿದವರ ಲೆಕ್ಕಕ್ಕೆ ಬಂದಿರಲಿಲ್ಲ. ಮೋರಿಯ ಮೇಲೆ ಹಲವು ಕಿಲೋಮೀಟರ್ ಒಳ್ಳೆಯ ತೊರೆ ಖಾಲಿ ಬಿದ್ದಿರುತ್ತದೆ.

ರಾಜ್ಯದ ವಾದ ಇಷ್ಟು: ಒಪ್ಪಂದ ಮೀನು ಹಿಡಿಯುವ ಹಕ್ಕು ಕೊಟ್ಟಿದೆ, ಮೀನಿನ ನೆಲೆ ಕಾಪಾಡುವ ಹೊಣೆಯನ್ನು ನಮ್ಮ ಮೇಲೆ ಹೊರಿಸಿಲ್ಲ. 2007ರಲ್ಲಿ ಜಿಲ್ಲಾ ನ್ಯಾಯಾಧೀಶ ರಿಕಾರ್ಡೊ ಮಾರ್ಟಿನೆಜ್ ಇದನ್ನು ಒಪ್ಪಲಿಲ್ಲ. 2013ರಲ್ಲಿ, ರಾಜ್ಯದ ಮೋರಿಗಳಿಂದ ಮುಚ್ಚಿಹೋದ ನೆಲೆಯ ಶೇ 90ರಷ್ಟನ್ನು 2030ರೊಳಗೆ ಮೀನಿಗೆ ತೆರೆಯಬೇಕು ಎಂದು ಆದೇಶಿಸಿದರು. ರಾಜ್ಯ ಸರ್ಕಾರ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹಿಂದೊಮ್ಮೆ ಇದೇ ವ್ಯಾಜ್ಯದ ಬೇರೊಂದು ಹಂತದಲ್ಲಿ ಭಾಗಿಯಾಗಿದ್ದ ನ್ಯಾಯಮೂರ್ತಿ ಆಂಟನಿ ಕೆನಡಿ ವಿಚಾರಣೆಯಿಂದ ದೂರ ಉಳಿದರು. 2018ರ ಜೂನ್ 11ರಂದು ಉಳಿದ ಎಂಟು ಮಂದಿ ನಾಲ್ಕು–ನಾಲ್ಕಾಗಿ ಒಡೆದರು. ಸಮಬಲವಾದಾಗ ಕೆಳಗಿನ ಕೋರ್ಟಿನ ತೀರ್ಪೇ ಉಳಿಯುತ್ತದೆ. ಹೀಗೆ ಆ ಆದೇಶ ಗಟ್ಟಿಯಾಯಿತು.

ಕೋರ್ಟ್ ಆದೇಶ ಕೊಡಬಹುದು, ಹಣ ಕೊಡಲಾರದು. ಮೋರಿ ತೆಗೆದು ತೊರೆಯಷ್ಟೇ ಅಗಲದ ಸೇತುವೆ ಹಾಕಲು ಒಂದೊಂದಕ್ಕೂ ಹಲವು ಮಿಲಿಯನ್ ಡಾಲರ್ ಬೇಕು. ಬದಲಿಸಬೇಕಾದ ದೊಡ್ಡ ಅಡೆತಡೆಗಳೇ 800ಕ್ಕೂ ಹೆಚ್ಚಿದ್ದವು. ಆ ಹಣ ಶಾಸನಸಭೆಯ ಸಾರಿಗೆ ಬಜೆಟ್ಟಿನಿಂದ ಬರಬೇಕು. ವರ್ಷಗಳ ಒತ್ತಾಯದ ಬಳಿಕ 2022ರ ಸಾರಿಗೆ ಪ್ಯಾಕೇಜಿನಲ್ಲಿ ಇದಕ್ಕೆ 240 ಕೋಟಿ ಡಾಲರ್ ಸೇರಿತು. ಅಲ್ಲಿಗೂ ಮುಗಿಯಲಿಲ್ಲ. ಆದೇಶ ಅನ್ವಯಿಸುವುದು ರಾಜ್ಯದ ಮೋರಿಗಳಿಗೆ ಮಾತ್ರ. ಹೆದ್ದಾರಿಯ ಮೋರಿ ತೆಗೆದು ಚೆಂದದ ಸೇತುವೆ ಹಾಕಿದ ಮೇಲೂ ಸ್ವಲ್ಪ ಮೇಲಕ್ಕೆ ಕೌಂಟಿಯ ಹಳೆಯ ಕೊಳವೆಯೊಂದು ಮೀನಿನ ದಾರಿ ಕಟ್ಟಿದ್ದರೆ ಅಷ್ಟೂ ಖರ್ಚು ಅರೆಬರೆ ಫಲ ಕೊಡುತ್ತದೆ. ಸಣ್ಣ ಊರುಗಳ ಬಳಿ ಅಷ್ಟು ದುಡ್ಡಿಲ್ಲ. ಅದಕ್ಕಾಗಿಯೇ 2014ರಲ್ಲಿ ರಾಜ್ಯ ಮೀನಿನ ಅಡೆತಡೆ ನಿವಾರಣಾ ಮಂಡಳಿಯೊಂದನ್ನು ರಚಿಸಿತು, 2021ರ ಕೇಂದ್ರದ ಮೂಲಸೌಕರ್ಯ ಕಾಯ್ದೆಯಲ್ಲಿ ಸೆನೆಟರ್ ಮರಿಯಾ ಕ್ಯಾಂಟ್‌ವೆಲ್ ಹಟಹಿಡಿದು ದೇಶವ್ಯಾಪಿ ಮೋರಿ ಬದಲಾವಣೆಗೆ 100 ಕೋಟಿ ಡಾಲರ್ ಸೇರಿಸಿದರು. ಹೀಗೆ ಒಂದೇ ತೊರೆಗಾಗಿ ಮೂರು ಬೇರೆ ಬೇರೆ ಕಡೆ ಅರ್ಜಿ ಹಿಡಿದು ಓಡಾಡಬೇಕು. ಓಡಾಡುವವರಿದ್ದ ಕಡೆ ಮೀನು ಮೇಲೇರುತ್ತಿದೆ.

ಒಲಿಂಪಿಯಾದಲ್ಲಿ ಕೆಲಸ ಆಗುವ ಬಗೆ

ವಾಷಿಂಗ್ಟನ್ ರಾಜ್ಯದಲ್ಲಿ 49 ಕ್ಷೇತ್ರಗಳು. ಪ್ರತಿ ಕ್ಷೇತ್ರಕ್ಕೆ ಒಬ್ಬ ಸೆನೆಟರ್, ಇಬ್ಬರು ಪ್ರತಿನಿಧಿಗಳು. ಅವರೆಲ್ಲ ಪೂರ್ಣಕಾಲಿಕ ಶಾಸಕರಲ್ಲ. ರೈತರು, ವಕೀಲರು, ಮೇಷ್ಟ್ರುಗಳು, ನರ್ಸುಗಳು ಆ ಕೆಲಸವನ್ನೂ ಮಾಡುತ್ತಾರೆ. ಅಧಿವೇಶನ ಜನವರಿಯ ಎರಡನೇ ಸೋಮವಾರ ಶುರು. ಬೆಸಸಂಖ್ಯೆಯ ವರ್ಷದಲ್ಲಿ 105 ದಿನ, ಸಮಸಂಖ್ಯೆಯ ವರ್ಷದಲ್ಲಿ 60 ದಿನ. ಬಜೆಟ್ ಎರಡು ವರ್ಷಕ್ಕೊಮ್ಮೆ, ಬೆಸವರ್ಷದಲ್ಲಿ. ಈ ಪಂಚಾಂಗ ತಿಳಿಯದೆ ಮಾರ್ಚ್ ಕೊನೆಯಲ್ಲಿ ಹೊಸ ಮಸೂದೆ ತನ್ನಿ ಎಂದು ಕೇಳಲು ಹೋದರೆ ಪ್ರಯೋಜನವಿಲ್ಲ. ಸಮಿತಿಯಿಂದ ಹೊರಬರಲು ಒಂದು ಗಡುವು, ಹಣಕಾಸು ಸಮಿತಿ ದಾಟಲು ಒಂದು, ಹುಟ್ಟಿದ ಸದನ ಬಿಡಲು ಇನ್ನೊಂದು. ದಾಟದ ಮಸೂದೆ ಅಲ್ಲೇ ನಿಲ್ಲುತ್ತದೆ. ಎಷ್ಟೋ ಮಸೂದೆಗಳು ಯಾರೂ ವಿರೋಧಿಸದೆಯೇ ಹೀಗೆ ಕಾಲ ಸಾಲದೆ ಸಾಯುತ್ತವೆ.

ಬಜೆಟ್ ಒಂದಲ್ಲ, ಮೂರು. ಸಂಬಳ–ಆಡಳಿತದ್ದು ಒಂದು, ಸಾರಿಗೆಯದು ಒಂದು, ಕಟ್ಟಡ–ಭೂಮಿ–ಶಾಶ್ವತ ಕಾಮಗಾರಿಗಳ ಕ್ಯಾಪಿಟಲ್ ಬಜೆಟ್ ಇನ್ನೊಂದು. ಅಳಿವೆಯ ಒಡ್ಡು ಒಡೆದು ಉಬ್ಬರದ ನೀರು ಒಳಬಿಡುವುದು, ನದಿಗೆ ಹಳೆಯ ಪಾತ್ರ ಮರಳಿಸುವುದು, ದಂಡೆಯ ನೆಲ ಕೊಳ್ಳುವುದು ಇವೆಲ್ಲಕ್ಕೂ ಹಣ ಬಹುಮಟ್ಟಿಗೆ ಕ್ಯಾಪಿಟಲ್ ಬಜೆಟ್ಟಿನಿಂದ. ಈ ಬಜೆಟ್ ಸಾಲಪತ್ರಗಳ ಮೇಲೆ ನಿಂತಿದೆ, ಸಾಲಕ್ಕೆ ಶೇ 60ರಷ್ಟು ಮತ ಬೇಕು. ಅಂದರೆ ಕಡಲನ್ನೇ ಕಾಣದ ಪೂರ್ವಭಾಗದ ಗೋಧಿ, ಸೇಬಿನ ಸೀಮೆಯ ಶಾಸಕರ ಒಪ್ಪಿಗೆಯೂ ಬೇಕು. 2017ರಲ್ಲಿ ಇದು ನಿಚ್ಚಳವಾಗಿ ಕಂಡಿತು. ಹಳ್ಳಿಗಳಲ್ಲಿ ಹೊಸ ಬಾವಿ ತೋಡಿದರೆ ತೊರೆಗಳ ನೀರು ಕುಗ್ಗುವುದಿಲ್ಲ ಎಂದು ಕೌಂಟಿಗಳು ಖಾತ್ರಿ ಮಾಡಿಕೊಳ್ಳಬೇಕು ಎಂದು ರಾಜ್ಯದ ಸುಪ್ರೀಂ ಕೋರ್ಟ್ ಹರ್ಸ್ಟ್ ಪ್ರಕರಣದಲ್ಲಿ ಹಿಂದಿನ ವರ್ಷ ತೀರ್ಪು ಕೊಟ್ಟಿತ್ತು. ಮನೆ ಕಟ್ಟಲು ಹೊರಟ ಹಳ್ಳಿಯವರಿಗೆ ಇದರಿಂದ ದಿಕ್ಕೇ ತೋಚದಂತಾಯಿತು. ಅದಕ್ಕೊಂದು ಪರಿಹಾರ ಸಿಗುವವರೆಗೆ ಕ್ಯಾಪಿಟಲ್ ಬಜೆಟ್ಟಿಗೆ ಮತ ಕೊಡುವುದಿಲ್ಲ ಎಂದು ರಿಪಬ್ಲಿಕನ್ನರು ಪಟ್ಟುಹಿಡಿದರು. ಆ ವರ್ಷವಿಡೀ ಬಜೆಟ್ ಆಗಲೇ ಇಲ್ಲ, ಸಾಲ್ಮನ್ ಕಾಮಗಾರಿಗಳೂ ಕಾದು ಕೂತವು. 2018ರ ಜನವರಿಯಲ್ಲಿ ಬಾವಿಗಳಿಗೆ ಅವಕಾಶ ಕೊಟ್ಟು, ಹದಿನೈದು ವರ್ಷಗಳಲ್ಲಿ 30 ಕೋಟಿ ಡಾಲರ್ ತೊರೆಗಳ ಹರಿವು ಮರಳಿಸಲು ಎಂದು ಒಪ್ಪಂದವಾದ ಮೇಲೆಯೇ ಗಂಟು ಬಿಚ್ಚಿದ್ದು. ನೀರನ್ನು ನೆಚ್ಚಿದ ರೈತರನ್ನೂ ಮೀನನ್ನು ನೆಚ್ಚಿದವರನ್ನೂ ಎದುರಾಳಿಗಳೆಂದು ನೋಡಿದಷ್ಟು ದಿನ ಇಬ್ಬರಿಗೂ ಏನೂ ದಕ್ಕಲಿಲ್ಲ.

ಈ ಪಾಠ ಮರೆತಾಗ ಏನಾಗುತ್ತದೆ ಎನ್ನುವುದಕ್ಕೆ 2022 ಸಾಕ್ಷಿ. ಬಿಲ್ಲಿ ಫ್ರಾಂಕ್ ಬಳಿಕ ಮೀನುಗಾರಿಕೆ ಆಯೋಗವನ್ನು ನಡೆಸಿ 2021ರಲ್ಲಿ ತೀರಿಕೊಂಡ ಸ್ವಿನೋಮಿಶ್ ಬುಡಕಟ್ಟಿನ ಲೊರೇನ್ ಲೂಮಿಸ್ ಅವರ ಹೆಸರಿನಲ್ಲಿ ಗವರ್ನರ್ ಜೇ ಇನ್‌ಸ್ಲಿ ಒಂದು ಮಸೂದೆ ತರಿಸಿದರು. ಸಾಲ್ಮನ್ ಇರುವ ತೊರೆಗಳ ಎರಡೂ ಬದಿಯಲ್ಲಿ, ಆ ಜಾಗದಲ್ಲಿ ಮರ ಎಷ್ಟು ಎತ್ತರ ಬೆಳೆಯಬಲ್ಲದೋ ಅಷ್ಟು ಅಗಲದ ಮರದ ಪಟ್ಟಿ ಕಡ್ಡಾಯ, ತಪ್ಪಿದರೆ ದಂಡ ಎನ್ನುವುದು ಅದರ ಮುಖ್ಯಾಂಶ. ವಿಜ್ಞಾನದ ದೃಷ್ಟಿಯಿಂದ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ತಂಪು ನೀರಿಗೆ ನೆರಳಿಗಿಂತ ಅಗ್ಗದ ಔಷಧವಿಲ್ಲ. ಆದರೆ ನದಿಬಯಲಿನ ರೈತರು ಸಾಲುಗಟ್ಟಿ ವಿಚಾರಣೆಗೆ ಬಂದರು. ಎರಡೂ ಕಡೆ ಅಷ್ಟಷ್ಟು ಅಡಿ ಬಿಟ್ಟರೆ ನಮ್ಮ ಹೊಲದಲ್ಲಿ ಉಳಿಯುವುದೇನು, ಕರಡು ಬರೆಯುವಾಗ ನಮ್ಮನ್ನು ಯಾರು ಕರೆದರು ಎಂದು ಕೇಳಿದರು. ಮಸೂದೆ ಸಮಿತಿಯಲ್ಲೇ ಬಿತ್ತು. ಆಮೇಲೆ ಉಳಿದದ್ದು ಸ್ವಇಚ್ಛೆಯಿಂದ ಮರ ನೆಡುವವರಿಗೆ ಅನುದಾನ. ನನಗೆ ಆ ಮಸೂದೆ ಬಿದ್ದದ್ದು ಇಂದಿಗೂ ನೋವಿನ ವಿಷಯ. ಆದರೆ ರೈತರ ಪ್ರಶ್ನೆ ಸುಳ್ಳಾಗಿರಲಿಲ್ಲ ಎನ್ನುವುದನ್ನೂ ಒಪ್ಪಬೇಕು.

ಇದಕ್ಕೆ ಹೋಲಿಸಿದರೆ 2013ರಿಂದ ರಾಜ್ಯದ ಹಣ ಪಡೆಯುತ್ತಿರುವ ನೆರೆಬಯಲು ಯೋಜನೆ ಬೇರೆ ದಾರಿ ಹಿಡಿಯಿತು. ನದಿಗೆ ಹತ್ತಿರ ಕಟ್ಟಿದ ಒಡ್ಡನ್ನು ಹಿಂದಕ್ಕೆ ಸರಿಸಿದರೆ ನೆರೆಯ ನೀರಿಗೆ ಹರಡಿಕೊಳ್ಳಲು ಜಾಗ ಸಿಗುತ್ತದೆ, ಕೆಳಗಿನ ಊರು ಮುಳುಗುವುದು ತಪ್ಪುತ್ತದೆ, ಅದೇ ಜಾಗದಲ್ಲಿ ಮೀನಿನ ಮರಿಗೆ ತಂಗುದಾಣವೂ ಆಗುತ್ತದೆ. ಪ್ರವಾಹದ ಭಯ ಇರುವ ಕ್ಷೇತ್ರದ ಶಾಸಕ ಯಾವ ಪಕ್ಷದವರಾದರೂ ಇದನ್ನು ಕೇಳಿಸಿಕೊಳ್ಳುತ್ತಾರೆ. 2021ರ ಕಡಲದಡದ ಕಾಯ್ದೆಯೂ ಹೀಗೆಯೇ ಹದವರಿತದ್ದು. ಇರುವ ತಡೆಗೋಡೆಗಳನ್ನು ಕೆಡವಿ ಎಂದು ಅದು ಹೇಳಲಿಲ್ಲ. ಹಳೆಯದು ಹಾಳಾಗಿ ಹೊಸದು ಕಟ್ಟುವಾಗ, ಮನೆಯನ್ನು ಕಾಯುವ ಸಾಧ್ಯತೆಗಳಲ್ಲಿ ದಡಕ್ಕೆ ಅತಿ ಕಡಿಮೆ ಹಾನಿ ಮಾಡುವುದನ್ನೇ ಆರಿಸಬೇಕು ಎಂದಿತು. ಎಷ್ಟೋ ಕಡೆ ಕಾಂಕ್ರೀಟಿನ ಬದಲು ಮರಳು, ಜಲ್ಲಿ, ಲಂಗರು ಹಾಕಿದ ಮರದ ದಿಮ್ಮಿ, ಗಿಡಗಳಿಂದಲೇ ದಡ ನಿಲ್ಲುತ್ತದೆ.

ವಾಷಿಂಗ್ಟನ್ ಡಿ.ಸಿ.ಯ ದುಡ್ಡು

ಕೇಂದ್ರದ ಮಟ್ಟದಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಎರಡು ಹೆಜ್ಜೆಗಳನ್ನು ಬೇರ್ಪಡಿಸಿ ನೋಡದಿದ್ದರೆ ಮೋಸಹೋಗುತ್ತೇವೆ. ಒಂದು ಕಾಯ್ದೆ ಇಂಥ ಕೆಲಸಕ್ಕೆ ಇಷ್ಟರವರೆಗೆ ಖರ್ಚು ಮಾಡಬಹುದು ಎಂದು ಅನುಮತಿ ಕೊಡುತ್ತದೆ. ನಿಜವಾದ ಹಣ ಪ್ರತಿವರ್ಷದ ವಿನಿಯೋಗ ಮಸೂದೆಯಲ್ಲಿ ಬರಬೇಕು. ಮದುವೆಗೆ ಎರಡೂ ಮನೆಯವರು ಒಪ್ಪಿದ ಮಾತ್ರಕ್ಕೆ ಛತ್ರಕ್ಕೆ ಮುಂಗಡ ಕಟ್ಟಿದಂತಾಗುವುದಿಲ್ಲವಲ್ಲ, ಹಾಗೆ. ಪ್ಯೂಜೆಟ್ ಸೌಂಡ್ ಚೇತರಿಕೆಗೆಂದೇ ಕೇಂದ್ರ ಪರಿಸರ ಸಂಸ್ಥೆಯಲ್ಲಿ ಪ್ರತ್ಯೇಕ ಕಚೇರಿ ಬೇಕು ಎಂಬ ಮಸೂದೆಯನ್ನು ಡೆನ್ನಿ ಹೆಕ್, ಡೆರೆಕ್ ಕಿಲ್ಮರ್ ಎಂಬ ಸಂಸದರು ವರ್ಷಗಟ್ಟಲೆ ಮಂಡಿಸುತ್ತಾ ಬಂದರು. ಕೊನೆಗೆ ಅದು ಪಾಸಾದದ್ದು 2022ರ ಡಿಸೆಂಬರಿನಲ್ಲಿ, ರಕ್ಷಣಾ ಇಲಾಖೆಯ ವಾರ್ಷಿಕ ಮಸೂದೆಯೊಳಗೆ ಸೇರಿಕೊಂಡು. ಮೀನಿಗೂ ಮಿಲಿಟರಿಗೂ ಏನು ಸಂಬಂಧ ಎಂದು ಕೇಳಬಹುದು. ಆ ರಕ್ಷಣಾ ಮಸೂದೆ ಪ್ರತಿವರ್ಷ ಪಾಸಾಗಿಯೇ ತೀರುತ್ತದೆ ಎನ್ನುವುದೇ ಸಂಬಂಧ. ಕಾಯ್ದೆ ವರ್ಷಕ್ಕೆ 5 ಕೋಟಿ ಡಾಲರ್‌ವರೆಗೆ ಅನುಮತಿ ಕೊಟ್ಟಿದೆ. ಪ್ರತಿವರ್ಷ ಎಷ್ಟು ಬರುತ್ತದೆ ಎನ್ನುವುದಕ್ಕೆ ಪ್ರತಿವರ್ಷವೂ ಕೇಳಲೇಬೇಕು. ಸಾಲ್ಮನ್‌ಗೆಂದೇ 2000ದಲ್ಲಿ ಶುರುವಾದ ಪೆಸಿಫಿಕ್ ಕರಾವಳಿ ಸಾಲ್ಮನ್ ನಿಧಿಯದೂ ಇದೇ ಪಾಡು. ಅದು ಸಾಗರ–ಹವಾಮಾನ ಸಂಸ್ಥೆ ನೋವಾದ ಮೂಲಕ ಬರುವುದರಿಂದ ಅದರ ಸಮಿತಿಯೂ ಬೇರೆ.

ಅನುಮತಿಗೂ ಹಣಕ್ಕೂ ನಡುವೆ ಎಷ್ಟು ಕಾಲ ಕಳೆಯಬಹುದು ಎಂಬುದನ್ನು ಎಲ್ವಾ ನದಿ ತೋರಿಸಿತು. ಆ ನದಿಯ ಎರಡು ಅಣೆಕಟ್ಟುಗಳಿಗೆ ಮೀನು ಹತ್ತುವ ಮೆಟ್ಟಿಲೇ ಇರಲಿಲ್ಲ. ನದಿಯ ಪರಿಸರವನ್ನೂ ಮೀನನ್ನೂ ಮರಳಿ ತರುವ ಕಾಯ್ದೆ 1992ರಲ್ಲಿ ಆಯಿತು. ಮೊದಲ ಯಂತ್ರ ಅಣೆಕಟ್ಟನ್ನು ಮುಟ್ಟಿದ್ದು 2011ರಲ್ಲಿ. 64 ಮೀಟರ್ ಎತ್ತರದ ಗ್ಲೈನ್ಸ್ ಕ್ಯಾನಿಯನ್ ಅಣೆಕಟ್ಟಿನ ಕೊನೆಯ ತುಂಡು ಹೋದದ್ದು 2014ರಲ್ಲಿ. ಈ ಉದ್ದ ನಡುವಿನ ಕಾಲದಲ್ಲಿ ಲೋವರ್ ಎಲ್ವಾ ಕ್ಲಾಲಮ್ ಬುಡಕಟ್ಟಿನವರು ಸಂಸದರು ಬದಲಾದಂತೆಲ್ಲ ಅದೇ ಮಾತನ್ನು ಹೊಸಬರಿಗೆ ಮೊದಲಿಂದ ಹೇಳುತ್ತಾ ಬಂದರು. 2023ರ ಅಕ್ಟೋಬರಿನಲ್ಲಿ ಅವರು ತಮ್ಮ ನದಿಯಲ್ಲಿ ಮತ್ತೆ ಕೋಹೋ ಎಂಬ ಜಾತಿಯ ಸಾಲ್ಮನ್ ಹಿಡಿದರು.

ಟೈರಿನ ಕತೆ

ಸಿಯಾಟಲ್ ನಗರದೊಳಗಿನ ಲಾಂಗ್‌ಫೆಲೋ ತೊರೆಗೆ ಶರತ್ಕಾಲದ ಮೊದಲ ಮಳೆಗಳೊಂದಿಗೆ ಕೋಹೋ ಸಾಲ್ಮನ್ ಬರುತ್ತದೆ. ಬಂದ ಕೆಲವೇ ಗಂಟೆಗಳಲ್ಲಿ ಎಷ್ಟೋ ಮೀನುಗಳು ಬಾಯಿ ತೆರೆದು ಗಾಳಿಗಾಗಿ ಎಂಬಂತೆ ನೀರಿನ ಮೇಲ್ಭಾಗಕ್ಕೆ ಬರುತ್ತವೆ, ದಿಕ್ಕು ತಪ್ಪಿ ಸುತ್ತು ಹೊಡೆಯುತ್ತವೆ, ಮಗ್ಗುಲಾಗಿ ಸಾಯುತ್ತವೆ. ಹೊಟ್ಟೆ ಸೀಳಿ ನೋಡಿದರೆ ಮೊಟ್ಟೆ ಹಾಗೇ ತುಂಬಿರುತ್ತದೆ. ಇಷ್ಟು ದೂರ ಬಂದು, ಮೊಟ್ಟೆಯಿಡುವ ಮುನ್ನವೇ ಸಾವು. ರಸ್ತೆಯ ನೀರಿನಲ್ಲಿ ಏನೋ ಇದೆ ಎಂದು ಗೊತ್ತಿತ್ತು, ಯಾವುದು ಎಂದು ವರ್ಷಗಳವರೆಗೆ ತಿಳಿದಿರಲಿಲ್ಲ. 2020ರ ಡಿಸೆಂಬರಿನಲ್ಲಿ ಟಕೋಮಾ ಮತ್ತು ಪ್ಯುಅಲಪ್‌ನ ವಿಜ್ಞಾನಿಗಳು ಉತ್ತರ ಪ್ರಕಟಿಸಿದರು. ರಬ್ಬರ್ ಬಿರುಕು ಬಿಡದಿರಲಿ ಎಂದು ಟೈರಿಗೆ 6ಪಿಪಿಡಿ ಎಂಬ ರಾಸಾಯನಿಕ ಸೇರಿಸುತ್ತಾರೆ. ಗಾಳಿಯ ಓಝೋನ್ ತಾಗಿ ಅದು 6ಪಿಪಿಡಿ–ಕ್ವಿನೋನ್ ಆಗುತ್ತದೆ. ಟೈರು ಸವೆದು ಉದುರಿದ ಪುಡಿಯಿಂದ ಮಳೆನೀರಿಗೆ ಸೇರಿದ ಅದರ ಅತಿ ಸಣ್ಣ ಪ್ರಮಾಣವೂ ಕೋಹೋವನ್ನು ಕೊಲ್ಲುತ್ತದೆ. ಅದೇ ನೀರನ್ನು ಮರಳು–ಕಾಂಪೋಸ್ಟ್ ಮಿಶ್ರಣದ ಮಣ್ಣಿನಲ್ಲಿ ಇಳಿಸಿ ಸೋಸಿದರೆ ಮೀನು ಸಾಯುವುದಿಲ್ಲ.

ಇಷ್ಟು ಸ್ಪಷ್ಟವಾದ ಕಾರಣ ಸಿಕ್ಕಿದ್ದರಿಂದ ಕೇಳುವ ಮಾತೂ ಸ್ಪಷ್ಟವಾಯಿತು. 2023ರಲ್ಲಿ ಯೂರೋಕ್, ಪೋರ್ಟ್ ಗ್ಯಾಂಬಲ್ ಸ್ಕ್ಲಾಲಮ್, ಪ್ಯುಅಲಪ್ ಬುಡಕಟ್ಟುಗಳು ಕೇಂದ್ರ ಪರಿಸರ ಸಂಸ್ಥೆಗೆ ಅರ್ಜಿ ಕೊಟ್ಟವು, ಸಂಸ್ಥೆ ಅದನ್ನು ಮಾನ್ಯ ಮಾಡಿತು. 2024ರಲ್ಲಿ ರಾಜ್ಯದ ಶಾಸನಸಭೆ ಟೈರಿನ ಈ ರಾಸಾಯನಿಕವನ್ನು ತನ್ನ ಸುರಕ್ಷಿತ ಉತ್ಪನ್ನ ಕಾರ್ಯಕ್ರಮದ ವ್ಯಾಪ್ತಿಗೆ ತಂದಿತು. ಟೈರು ಬದಲಾಗುವವರೆಗೆ ರಸ್ತೆಬದಿಯ ಸೋಸುತೋಟಗಳಿಗೆ ಹಣ ಬೇಕು. ಅದು ನಗರಸಭೆಯಿಂದ ಹಿಡಿದು ರಾಜ್ಯದವರೆಗೆ ಎಲ್ಲ ಬಜೆಟ್ಟುಗಳಲ್ಲೂ ಕೇಳಬಹುದಾದ ವಿಷಯ.

ಮಾತನಾಡಲು ಹೋದಾಗ

ನಮ್ಮ ವಿಧಾನಸಭೆಯಲ್ಲಿ ಒಂದು ಮಸೂದೆಯ ಮೇಲೆ ಬೀದಿಯ ಮನುಷ್ಯ ನೇರವಾಗಿ ಹೋಗಿ ಸಮಿತಿಯ ಮುಂದೆ ಮಾತನಾಡುವ ರೂಢಿಯಿಲ್ಲ. ಒಲಿಂಪಿಯಾದಲ್ಲಿ ಅದು ನಿತ್ಯದ ಕೆಲಸ. ಶಾಸನಸಭೆಯ ಜಾಲತಾಣದಲ್ಲಿ ಮಸೂದೆಯ ಸಂಖ್ಯೆ ಹುಡುಕಿ ಪರ, ವಿರೋಧ, ಇತರೆ ಎಂದು ನೋಂದಾಯಿಸಿಕೊಳ್ಳಬೇಕು. 2021ರಿಂದ ಮನೆಯಿಂದಲೇ ವಿಡಿಯೋದಲ್ಲಿ ಮಾತನಾಡಬಹುದು. ಮಾತನಾಡಲು ಮನಸ್ಸಿಲ್ಲದಿದ್ದರೆ ಪರ ಎಂದು ಹೆಸರು ದಾಖಲಿಸಿದರೂ ಲೆಕ್ಕಕ್ಕೆ ಬರುತ್ತದೆ. ಇದಕ್ಕೆ ಯಾರೂ ನಾಗರಿಕತ್ವ ಕೇಳುವುದಿಲ್ಲ. ವೀಸಾದ ಮೇಲಿರುವ ಕನ್ನಡಿಗರು, ಮತವಿಲ್ಲ ಎಂಬ ಕಾರಣಕ್ಕೆ ಇದರಿಂದ ದೂರ ಉಳಿಯಬೇಕಾಗಿಲ್ಲ. ಆ ಮಳೆನೀರು ಹರಿಯುವುದು ಅವರ ಕಾರುಗಳು ಓಡುವ ರಸ್ತೆಗಳಿಂದಲೂ ಹೌದು. ಇಸಾಕ್ವಾ ತೊರೆಗೆ ಅಕ್ಟೋಬರಿನಲ್ಲಿ ಬರುವ ಸಾಲ್ಮನ್ ನೋಡಲು ಮಕ್ಕಳನ್ನು ಕರೆದುಕೊಂಡು ಹೋಗುವವರಲ್ಲಿ ಅವರೂ ಇದ್ದಾರೆ.

ಸಿಗುವುದು ಒಂದೆರಡು ನಿಮಿಷ. ಹೆಸರು, ಊರು, ಕ್ಷೇತ್ರ ಮೊದಲು ಹೇಳಿ. ಆಮೇಲೆ ನೇರ ಬೇಡಿಕೆ. ‘ಈ ಮಸೂದೆಯನ್ನು ಸಮಿತಿಯಿಂದ ಹೊರಗೆ ಕಳಿಸಿ’ ಅಥವಾ ‘ಸಾಲ್ಮನ್ ಯೋಜನೆಗಳ ಪಟ್ಟಿಗೆ ಪೂರ್ತಿ ಹಣ ಕೊಡಿ’. ಈ ಎರಡನೆಯದಕ್ಕೆ ಹೆಚ್ಚಿನ ಅರ್ಥವಿದೆ. ಪ್ಯೂಜೆಟ್ ಸೌಂಡ್‌ನ ದೊಡ್ಡ ಕಾಮಗಾರಿಗಳನ್ನು ಪರಿಣತರು ಮೊದಲೇ ಮಹತ್ವದ ಕ್ರಮದಲ್ಲಿ ಪಟ್ಟಿ ಮಾಡಿರುತ್ತಾರೆ. ಶಾಸಕರು ನಿರ್ಧರಿಸುವುದು ಆ ಪಟ್ಟಿಯಲ್ಲಿ ಎಷ್ಟು ಕೆಳಗಿನವರೆಗೆ ಹಣ ಇಳಿಯಬೇಕು ಎಂಬುದನ್ನು. ನಿಮ್ಮ ಊರಿನ ತೊರೆ ಪಟ್ಟಿಯ ಎಷ್ಟನೆಯ ಸಾಲಿನಲ್ಲಿದೆ ಎಂದು ತಿಳಿದುಕೊಂಡು ಹೋದರೆ ಶಾಸಕರ ಸಹಾಯಕರು ತಕ್ಷಣ ಬರೆದುಕೊಳ್ಳುತ್ತಾರೆ. ವಿಜ್ಞಾನ ಹೇಳಲು ಬೇರೆಯವರಿರುತ್ತಾರೆ. ನೀವು ಕಂಡದ್ದನ್ನು ಹೇಳಿ. ಒಬ್ಬ ಸಿಂಪಿ ಸಾಕಣೆಗಾರ, ಒಬ್ಬ ರೈತ, ಒಬ್ಬ ಮೀನುಗಾರ, ಒಬ್ಬ ಎಂಜಿನಿಯರ್ ಒಟ್ಟಿಗೆ ಒಂದೇ ಬೇಡಿಕೆ ಹಿಡಿದು ಹೋದರೆ ಹತ್ತು ಪರಿಸರವಾದಿಗಳು ಹೋದದ್ದಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ಕೇಳಿದ್ದು ಆದರೆ ಧನ್ಯವಾದ ಹೇಳಲು ಮತ್ತೊಮ್ಮೆ ಹೋಗಿ. ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ. ಅಧಿವೇಶನ ಇಲ್ಲದ ಬೇಸಿಗೆಯಲ್ಲಿ ಶಾಸಕರನ್ನು ತೊರೆಯ ಬಳಿಗೇ ಕರೆದು ಮೋರಿಯ ಬಾಯಿ ತೋರಿಸುವುದಕ್ಕಂತೂ ಸಮನಾದದ್ದಿಲ್ಲ.

ಮುಂದಿನ ದೊಡ್ಡ ಅವಕಾಶ 2027ರ ಜನವರಿ 11ರಂದು ಶುರುವಾಗುವ 105 ದಿನಗಳ ಅಧಿವೇಶನ. ಅಲ್ಲಿ ಬರೆಯುವ ಬಜೆಟ್ 2029ರ ಜೂನ್‌ವರೆಗೆ ನಡೆಯುತ್ತದೆ. ಮೋರಿಗಳಿಗೆ ಕೋರ್ಟ್ ಕೊಟ್ಟ 2030ರ ಗಡುವಿಗೆ ಮುಂಚೆ ಪೂರ್ತಿ ಎರಡು ವರ್ಷ ಕಾಮಗಾರಿ ಮಾಡಿಸಬಲ್ಲ ಕೊನೆಯ ಬಜೆಟ್ ಅದು. ಗವರ್ನರ್ ತಮ್ಮ ಕರಡನ್ನು ಅದಕ್ಕೂ ಮುನ್ನ ಡಿಸೆಂಬರಿನಲ್ಲೇ ಹೊರಡಿಸುತ್ತಾರೆ. ಆದ್ದರಿಂದ ಶಾಸಕರನ್ನು ಭೇಟಿ ಮಾಡಬೇಕಾದ ಕಾಲ ಅದರ ಹಿಂದಿನ ಬೇಸಿಗೆ ಮತ್ತು ಶರತ್ಕಾಲ.